ನೀರು ಸುರಿದು ಕಂಬಳಿ ಮಾರಿದವನು

"ಜಾಹೀರಾತು ಸೋತರೆ ಪುಸ್ತಕ ಬರೆದವಳು ಏನು ಮಾಡಬೇಕು, ಮೇಷ್ಟ್ರೇ?"

ಕೇಳಿದವಳು ಸರ್ವಮಂಗಳಾ. ಅವಳು ಒಂದು ಪತ್ತೇದಾರಿ ಕಾದಂಬರಿ ಬರೆದಿದ್ದಳು. ಪ್ರಕಾಶಕರಿಗಾಗಿ ಕಾಯದೆ ತಾನೇ ಪ್ರಕಟಿಸಿದ್ದಳು. ಇಂಟರ್ನೆಟ್ಟಿನ ಅಂಗಡಿಯಲ್ಲಿ ಮಾರಾಟಕ್ಕಿಟ್ಟು, ಅದರ ಜಾಹೀರಾತನ್ನೂ ತಾನೇ ಹಾಕಿದ್ದಳು. ಮೇಷ್ಟ್ರು ಎಂದರೆ ಚಳ್ಳಕೆರೆಯ ಓಬಳಪ್ಪನವರು. ಶಾಲೆಯಿಂದ ನಿವೃತ್ತರಾದ ಮೇಲೆ, ಸ್ವಂತವಾಗಿ ಪುಸ್ತಕ ತರುವವರಿಗೆ ತಮ್ಮ ಮನೆಯ ಜಗುಲಿಯಲ್ಲಿ ಬರೆಯುವುದನ್ನೂ ಮಾರುವುದನ್ನೂ ಕಲಿಸುತ್ತಿದ್ದರು.

"ಏನಾಯಿತು?" ಎಂದರು ಮೇಷ್ಟ್ರು.

"ಮೊದಮೊದಲು ಚೆನ್ನಾಗೇ ಇತ್ತು. ಜಾಹೀರಾತು ನೋಡಿದವರು ಪುಸ್ತಕ ತಗೊಳ್ತಿದ್ರು. ಈಗಲೂ ನೋಡ್ತಾರೆ, ಒತ್ತುತ್ತಾರೆ, ಅದರ ಕೆಳಗೆ ಏನೇನೋ ಬರೀತಾರೆ. ಓದಿ ಮುಗಿಸಿ ರಾತ್ರಿ ದೀಪ ಆರಿಸೋಕೆ ಹೆದರಿದೆ ಅಂತ ಒಬ್ಬರು, ಕೊಲೆಗಾರ ಯಾರು ಅಂತ ನನಗೆ ಮೊದಲೇ ಗೊತ್ತಿತ್ತು ಅಂತ ಇನ್ನೊಬ್ಬರು. ಕೊಳ್ಳೋರು ಮಾತ್ರ ಇಲ್ಲ. ಅದೇ ಜನಕ್ಕೆ ತೋರಿಸೋ ಖರ್ಚು ಹೆಚ್ಚಿಸಿ ನೋಡಿದೆ. ಬರೆಯೋರು ಹೆಚ್ಚಾದ್ರು, ಕೊಳ್ಳೋರು ಇನ್ನೂ ಕಡಿಮೆಯಾದ್ರು. ಪುಸ್ತಕದಲ್ಲೇ ಏನೋ ಊನ ಇದೆ ಮೇಷ್ಟ್ರೇ. ನಾಳೆ ಅದನ್ನ ಹಿಂದಕ್ಕೆ ತಗೊಂಡು ಹೆಸರು ಬದಲಾಯಿಸ್ತೀನಿ. ಕೊಲೆಗಾರನನ್ನೂ ಬದಲಾಯಿಸ್ತೀನಿ."

"ಕೊಲೆಗಾರನನ್ನೂ?"

"ಹ್ಞೂಂ. ಕೊಲೆನ ಬೇರೆಯವರ ತಲೆಗೆ ಕಟ್ತೀನಿ."

"ಸದ್ಯ, ಆ ಪಾಪಿಗಾದರೂ ಬಿಡುಗಡೆಯಾಯಿತು," ಎಂದು ಮೇಷ್ಟ್ರು ನಕ್ಕರು. ಅವಳು ನಗಲಿಲ್ಲ. ಮೂರು ವರ್ಷ ಅಡುಗೆಮನೆಯ ಕೆಲಸ ಮುಗಿಸಿಕೊಂಡು ಬರೆದ ಪುಸ್ತಕ ಅದು. ಅದನ್ನು ತನ್ನ ಕೈಯಾರೆ ಮುರಿಯಲು ಅವಳು ಹೊರಟಿದ್ದಳು.

ಮೇಷ್ಟ್ರೂ ನಗು ನಿಲ್ಲಿಸಿದರು.

"ಒಂದು ಕತೆ ಇದೆ. ಕೆಟ್ಟದಾಗಿ ಹೇಳುತ್ತೇನೆ, ಕ್ಷಮಿಸಬೇಕು. ನನಗೆ ಪಾಠ ಮಾಡಿ ಅಭ್ಯಾಸ. ಕತೆಯ ನಡುನಡುವೆಯೂ ಅರ್ಥ ಹೇಳಿಕೊಂಡು ಹೋಗುತ್ತೇನೆ. ನಿನಗೆ ಬೇಸರವಾದರೆ ಕೆಮ್ಮು."

ಹೀಗೆಂದು ಅವರು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಕಂಬಳಿ ನೇಯುತ್ತಿದ್ದ. ಕಂಬಳಿ ಎಂದರೆ ಪೇಟೆಯಲ್ಲಿ ಸಿಗುವ ಮೆತ್ತನೆಯ ರಗ್ಗಲ್ಲ. ಕುರಿಯ ಉಣ್ಣೆಯದು, ಕಪ್ಪನೆಯದು, ಹುಣಸೆ ಬೀಜದ ಗಂಜಿ ಬಳಿದು ಬಿಗಿ ಮಾಡಿದ್ದು. ಒಳ್ಳೆಯ ಕಂಬಳಿಯೊಳಗೆ ಮಳೆ ಬೇಗ ಇಳಿಯುವುದಿಲ್ಲ. ಇದನ್ನು ಈಗಲೇ ಹೇಳಲೇಬೇಕು, ಏಕೆಂದರೆ ಮುಂದೆ ನೀರು ಬರುತ್ತದೆ.

ಸಂತೆಯಲ್ಲಿ ಅವನು ಕೂಗುತ್ತಿರಲಿಲ್ಲ. ಒಂದು ಕಂಬಳಿಯನ್ನು ಕೋಲುಗಳಿಗೆ ಓರೆಯಾಗಿ ಕಟ್ಟುತ್ತಿದ್ದ. ಅದರ ಕೆಳಗೆ ಒಂದು ಅಚ್ಚು ಬೆಲ್ಲ ಇಡುತ್ತಿದ್ದ. ಮೇಲಿನಿಂದ ಒಂದು ಕೊಡ ನೀರು ಸುರಿಯುತ್ತಿದ್ದ. ಆಮೇಲೆ ಬೆಲ್ಲವನ್ನು ಎತ್ತಿ ತೋರಿಸಿ, ಮುರಿದು, ನೆರೆದವರಿಗೆ ಹಂಚುತ್ತಿದ್ದ. ಬೆಲ್ಲ ಒಣಗಿಯೇ ಇರುತ್ತಿತ್ತು. ಅದನ್ನು ಬಾಯಲ್ಲಿಟ್ಟುಕೊಂಡವರು ಕಂಬಳಿ ಕೊಳ್ಳದೆ ಹೋಗುತ್ತಿರಲಿಲ್ಲ.

ಮರುವರ್ಷವೂ ಅವನು ಅದೇ ಸಂತೆಗೆ ಬಂದ. ಜನ ಸೇರಿದರು, ನೋಡಿದರು, ಬೆಲ್ಲ ತಿಂದರು, ಹೋದರು. ಅವನು ಎರಡು ಕೊಡ ಸುರಿದ. ಜನ ಹೆಚ್ಚಾದರು. ಕೊಡದ ಮೇಲೆ ಕೊಡ ಸುರಿದ. ಸಂತೆಗೆ ಸಂತೆಯೇ ಬಂದು ನಿಂತಿತು. ಕಂಬಳಿಗಳು ಮಾತ್ರ ಮಡಿಸಿದ ಹಾಗೆಯೇ ಉಳಿದವು. ಇಲ್ಲಿ ಒಂದು ಮಾತು ಗಮನಿಸಬೇಕು: ಜನ ಸೇರುವುದು ಬೇರೆ, ಕೊಳ್ಳುವುದು ಬೇರೆ. ಅವನು ಎರಡನ್ನೂ ಒಂದೇ ಎಂದು ತಿಳಿದಿದ್ದ. ಅದಕ್ಕೇ ಅವನಿಗೆ ಅಷ್ಟು ನೋವಾಯಿತು.

"ಇಷ್ಟು ಜನ ನೋಡಿಯೂ ಬೇಡವೆಂದರೆ ದೋಷ ಕಂಬಳಿಯಲ್ಲೇ ಇದೆ" ಎಂದುಕೊಂಡ. ಅಲ್ಲೇ ಕುಳಿತು ಒಂದು ಕಂಬಳಿಯ ಅಂಚು ಹಿಡಿದು ಎಳೆ ಬಿಚ್ಚತೊಡಗಿದ. ಇನ್ನು ಮೇಲೆ ತೆಳ್ಳಗೆ, ಅಗ್ಗವಾಗಿ, ಬಣ್ಣದ ಗೆರೆ ಹಾಕಿ ನೇಯುವುದು ಅವನ ಯೋಚನೆ.

ಕುರಿ ಕಾಯುವ ಮುದುಕಿಯೊಬ್ಬಳು ಬೆಲ್ಲ ಚೀಪುತ್ತ ಹತ್ತಿರ ಬಂದಳು.

"ಏ ಮಂಕೇ, ಏನೋ ಮಾಡ್ತಿದ್ದೀಯ?"

"ಯಾರಿಗೂ ಬೇಡವಾದ ಕಂಬಳಿ ಅಜ್ಜಿ. ಬಿಚ್ಚಿಹಾಕ್ತಿದ್ದೀನಿ."

"ಬೇಡ ಅಂದೋರ್ಯಾರು? ಬಂದಾಗಿಂದ ನಮ್ಮ ಕೈ ನೋಡ್ತೀಯ, ಸೊಂಟದ ಚೀಲ ನೋಡ್ತೀಯ. ತಲೆ ಎತ್ತಿ ಹೆಗಲು ನೋಡೋ."

ಅವನು ತಲೆ ಎತ್ತಿದ. ನಿಂತವರೆಲ್ಲರ ಹೆಗಲ ಮೇಲೂ ಕಂಬಳಿ ಇತ್ತು. ಎಲ್ಲವೂ ಅವನು ನೇಯ್ದವೇ. ನೇಕಾರನಿಗೆ ತನ್ನ ಅಂಚು ಎಲ್ಲಿದ್ದರೂ ಗುರುತು ಸಿಗುತ್ತದೆ. ಒಂದಾದರೂ ಸವೆದಿರಲಿಲ್ಲ.

"ಕೊಂಡಾಗಿದ್ದರೆ ಮತ್ತೆ ಯಾಕೆ ಬಂದು ನಿಲ್ತೀರಿ?" ಎಂದ.

"ನಮ್ಮ ಕಂಬಳಿ ಗೆಲ್ಲೋದನ್ನ ನೋಡೋಕೆ! ಬೆಲ್ಲ ಕರಗಲಿಲ್ಲ ಅಂದ್ರೆ ಗೆದ್ದಿದ್ದು ನಾವು. ಇಷ್ಟೂ ತಿಳಿಯೋದಿಲ್ವಾ? ನಿನ್ನ ನೀರನ್ನ ಬೆಟ್ಟದಾಚೆ ಸಂತೆಗೆ ಹೊತ್ಕೊಂಡು ಹೋಗು, ಅಲ್ಲಿ ಇದನ್ನ ಕಂಡೋರಿಲ್ಲ. ಇಲ್ಲಿಗೆ ಬರೋದಾದ್ರೆ ನನ್ನ ಮೊಮ್ಮಗೂಗೆ ಅಂತ ಚಿಕ್ಕದೊಂದು ನೇಯ್ದು ತಾ. ಇದನ್ನೇ ಇನ್ನೊಂದು ತಗೋ ಅಂದ್ರೆ, ಇದು ಹರೀಬೇಕಲ್ಲಪ್ಪ. ಹರಿಯೋ ಹಾಗೆ ನೀನೆಲ್ಲಿ ನೇಯ್ದಿದ್ದೀಯ?"

ಮೇಷ್ಟ್ರು ಇಲ್ಲಿ ನಿಲ್ಲಿಸಿದರು. ಸರ್ವಮಂಗಳಾ ಒಮ್ಮೆಯೂ ಕೆಮ್ಮಿರಲಿಲ್ಲ.

"ಬಿಚ್ಚೋದನ್ನ ನಿಲ್ಲಿಸಿದನಾ?" ಎಂದು ಕೇಳಿದಳು.

"ತಾಳು, ಅರ್ಥ ಹೇಳಿಬಿಡುತ್ತೇನೆ. ನೀರು ಎಂದರೆ ಜಾಹೀರಾತು. ಕೊಡ ಹೆಚ್ಚಿಸುವುದು ಎಂದರೆ ಅದರ ಖರ್ಚು ಹೆಚ್ಚಿಸುವುದು. ಸಂತೆ ಎಂದರೆ ಆ ಜಾಹೀರಾತು ಯಾರ ಯಾರ ಮೊಬೈಲಿನಲ್ಲಿ ಕಾಣುತ್ತದೋ ಆ ಜನ. ನಿನ್ನದು ಶುರುವಿನಿಂದ ಅದೇ ಜನಕ್ಕೆ ಕಾಣುತ್ತಿದೆ. ಮೊದಲು ಆ ಜನವನ್ನು ಬದಲಿಸಿ ನೋಡಬೇಕು. ಅದೊಂದನ್ನೇ ಬದಲಿಸಬೇಕು. ಹೆಸರು, ಮುಖಪುಟದ ಚಿತ್ರ, ಬೆಲೆ, ಕೊಲೆಗಾರ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಇನ್ನು ಹೆಗಲು ಎಂದರೆ..."

"ಏನೂಂದ್ರೆ!" ಒಳಗಿನಿಂದ ಅವರ ಹೆಂಡತಿ ಕೂಗಿದರು. "ನಲ್ಲೀಲಿ ನೀರು ಬಂತು. ಪಾಠ ನಾಳೆ ಹೇಳಿದರೂ ಆಗುತ್ತೆ, ನೀರು ನಾಳೆ ಬರಲ್ಲ!"

ಮೇಷ್ಟ್ರು ಪಂಚೆ ಎತ್ತಿ ಕಟ್ಟಿಕೊಂಡು ಎದ್ದರು.

"ಹೆಗಲು ಎಂದರೆ?" ಸರ್ವಮಂಗಳಾ ಬಿಡಲಿಲ್ಲ.

ಮೇಷ್ಟ್ರು ಹೊಸ್ತಿಲಲ್ಲಿ ತಿರುಗಿ ನಿಂತರು.

"ಆ ಸಂತೆಯಲ್ಲಿ ಚಳಿಗೆ ನಡುಗುತ್ತಿದ್ದವನು ನೇಯ್ದವನೊಬ್ಬನೇ, ತಾಯಿ."

ಸರ್ವಮಂಗಳಾ ಮೊಬೈಲು ತೆಗೆದು, ಜಾಹೀರಾತಿನ ಕೆಳಗೆ ಬರೆದವರ ಮಾತುಗಳನ್ನು ಮತ್ತೆ ಓದಿದಳು: ಎಲ್ಲರೂ ಪುಸ್ತಕ ಕೊಂಡು ಓದಿ ಮುಗಿಸಿದವರೇ.