ಮಿತಗೌರಿಯ ಐದು ಕುಡಿಕೆ ವ್ರತದ ಕಥೆ

ದೀಪದ ಬತ್ತಿ ಸರಿಮಾಡಿಕೊಂಡು, ಕೈಯಲ್ಲಿ ನಾಲ್ಕು ಕಾಳು ಅಕ್ಷತೆ ಹಿಡಿದು, ಮನಸ್ಸನ್ನು ಒಂದೆಡೆ ನಿಲ್ಲಿಸಿ ಕೇಳಿರಮ್ಮ.

ಪೂರ್ವದಲ್ಲಿ ವೇದಾವತಿ ನದಿಯ ದಂಡೆಯಲ್ಲಿ ಹೇಮಪುರವೆಂಬ ಪಟ್ಟಣವಿತ್ತು. ಆ ಪಟ್ಟಣದ ಕಂಚುಗಾರರ ಕೇರಿಯಲ್ಲಿ ಸಿದ್ಧೋಜನೆಂಬ ಕಂಚುಗಾರನೂ, ಅವನ ಹೆಂಡತಿ ಚೆನ್ನಾಜಿಯೂ, ತಾಯಿ ಮಾಚವ್ವೆಯೂ ವಾಸವಾಗಿದ್ದರು. ಮಾಚವ್ವೆ ಪ್ರತಿ ಶುದ್ಧ ಪಂಚಮಿಯ ಸಂಜೆ ಮಿಂದು ಮಡಿಯುಟ್ಟು, ಮಿತಗೌರಿಯನ್ನು ಪೂಜಿಸಿ, ತಿಂಗಳ ದುಡಿಮೆಯನ್ನೆಲ್ಲ ದೀಪದ ಮುಂದೆ ಸುರಿದು, ಐದು ಮಣ್ಣಿನ ಕುಡಿಕೆಗಳಿಗೆ ಹಂಚುತ್ತಿದ್ದಳು. ಮೊದಲನೆಯದು ಅನ್ನಕ್ಕೆ, ಎರಡನೆಯದು ತಾಮ್ರ ತವರ ಇದ್ದಿಲಿಗೆ, ಮೂರನೆಯದು ಬಟ್ಟೆಗೂ ಮನೆಯ ದುರಸ್ತಿಗೂ, ನಾಲ್ಕನೆಯದು ದೇವರಿಗೂ ಬಂದವರಿಗೂ ಹಬ್ಬಕ್ಕೂ, ಐದನೆಯದು ಆಪತ್ತಿಗೆ ಎಂದು ಬಾಯಿಬಿಟ್ಟು ಹೇಳಿ, ಒಂದರದನ್ನು ಇನ್ನೊಂದಕ್ಕೆ ಮುಟ್ಟದೆ ತಿಂಗಳು ಸಾಗಿಸುತ್ತಿದ್ದಳು.

ಹೀಗಿರಲು ಮಾಚವ್ವೆಗೆ ಕಾಲ ತುಂಬಿ ಬರಲು, ಅವಳು ಸೊಸೆಯನ್ನು ಹಾಸಿಗೆಯ ಬಳಿಗೆ ಕರೆದು, "ಐದನೆಯ ಕುಡಿಕೆ ನಿನ್ನದಲ್ಲ ಮಗಳೇ, ನನ್ನ ಮಗನದೂ ಅಲ್ಲ. ಅದು ಆಪತ್ತಿನ ಸೊತ್ತು, ಅದಕ್ಕೇ ಬಿಡು" ಎಂದು ಹೇಳಿ ಕಣ್ಣು ಮುಚ್ಚಿದಳು.

ಆ ವರ್ಷವೇ ಅರಮನೆಯಿಂದ ನೂರೆಂಟು ದೀಪಗಳ ಕೆಲಸ ಬಂದು, ಸಿದ್ಧೋಜನ ಕೈಯಲ್ಲಿ ವರಹಗಳು ಆಡತೊಡಗಿದವು. ಚೆನ್ನಾಜಿಗೆ ಪಂಚಮಿಯ ಎಣಿಕೆ ಬೇಸರವಾಯಿತು. "ಎಣಿಸಿ ಉಣ್ಣುವುದು ಇಲ್ಲದವರ ಪಾಡು, ನಮಗೇಕೆ?" ಎಂದಳು. ಸಿದ್ಧೋಜನೂ ನಕ್ಕು ಹೌದೆಂದನು. ಕುಡಿಕೆಗಳು ಅಟ್ಟ ಸೇರಿದವು. ಐದನೆಯದರಲ್ಲಿ ಅತ್ತೆ ಕೂಡಿಟ್ಟ ಹಣ ಹಾಗೆಯೇ ಇತ್ತು.

ಅವರಿಗೆ ಪದುಮಾಜಿ ಎಂಬ ಹೆಣ್ಣುಮಗು ಹುಟ್ಟಿ ಮೂರು ವರ್ಷ ತುಂಬಿತು. ಆ ಸಂತೋಷಕ್ಕೆ ಸಿದ್ಧೋಜನು ಕೇರಿಗೆಲ್ಲ ಊಟ ಹಾಕಿಸಿ, ಸಾಲದ್ದಕ್ಕೆ ಪೇಟೆಯ ಶೆಟ್ಟಿಯಿಂದ ಇಪ್ಪತ್ತು ವರಹ ಸಾಲ ತಂದು, ಅದನ್ನು ಹೆಂಡತಿಗೆ ಹೇಳಲಿಲ್ಲ. ಚೆನ್ನಾಜಿ ಹರಳಿನ ಮೂಗುಬೊಟ್ಟಿಗೆ ಆಸೆಪಟ್ಟು, ಬರುವ ತಿಂಗಳು ತುಂಬಿಸಿದರಾಯಿತೆಂದು ಐದನೆಯ ಕುಡಿಕೆಗೆ ಕೈಹಾಕಿ, ಅದನ್ನು ಗಂಡನಿಗೆ ಹೇಳಲಿಲ್ಲ. ಬರುವ ತಿಂಗಳು ಬಂತು, ಹೋಯಿತು, ಕುಡಿಕೆ ತುಂಬಲಿಲ್ಲ. ಅರಮನೆಯ ಕೆಲಸವೂ ಮುಗಿಯಿತು.

ಭಾದ್ರಪದದ ಒಂದು ಬೆಳಗ್ಗೆ ಪದುಮಾಜಿಗೆ ಮೈ ಕಾದು, ಮಧ್ಯಾಹ್ನದ ಹೊತ್ತಿಗೆ ಮಗು ತಾಯಿಯ ಗುರುತು ಹಿಡಿಯದಾಯಿತು. ಬಲ್ಲ ವೈದ್ಯನಿದ್ದುದು ನಾಲ್ಕು ಹರದಾರಿ ಆಚೆಯ ಊರಲ್ಲಿ. ಗಾಡಿಯವನು ಎತ್ತು ಹೂಡಲು ಮುಂಗಡ ಕೇಳಿದನು. ಸಿದ್ಧೋಜನು ಅಟ್ಟ ಹತ್ತಿ ಕುಡಿಕೆ ಇಳಿಸಿ ನೋಡಿದರೆ ಒಳಗೆ ಒಂದು ಕಾಸೂ ಇಲ್ಲ.

"ಎಲ್ಲಿ ಹೋಯಿತೇ?" ಎಂದನು. ಚೆನ್ನಾಜಿ ಮೂಗುಬೊಟ್ಟನ್ನು ಮುಟ್ಟಿ ತೋರಿಸಿದಳು. ಬೈಯಲು ಬಾಯಿ ತೆರೆದವನು ತನ್ನ ಸಾಲ ನೆನಪಾಗಿ ಬಾಗಿಲ ಕಡೆ ತಿರುಗಿದನು. ಶೆಟ್ಟಿಯ ಅಂಗಡಿಗೆ ಓಡಿದರೆ, "ಹಳೆಯ ಇಪ್ಪತ್ತು ವರಹ ತಂದೆಯೇನಪ್ಪಾ?" ಎಂಬ ಮಾತು ಸಿಕ್ಕಿತು. ಮೂಗುಬೊಟ್ಟನ್ನು ಬಿಚ್ಚಿಸಿಕೊಂಡು ಮಾರಲು ಹೋದರೆ ಅಕ್ಕಸಾಲಿ ಮದುವೆಗೆಂದು ಪರವೂರಿಗೆ ಹೋಗಿದ್ದನು. ಕೊನೆಗೆ ಕಂಚು ಬಡಿಯುವ ತನ್ನ ಅಡಿಗಲ್ಲನ್ನೇ ಕಾಲು ಬೆಲೆಗೆ ಮಾರಿ ಹಣ ತರುವಷ್ಟರಲ್ಲಿ ಆ ದಿನ ಕಳೆದುಹೋಯಿತು. ಮರುದಿನ ಗಾಡಿ ಹೊರಟು ವೈದ್ಯನ ಊರು ತಲುಪಿತು. ವೈದ್ಯನು ಮಗುವಿನ ನಾಡಿ ಹಿಡಿದು, "ನಿನ್ನೆ ತಂದಿದ್ದರೆ ನೋಡಬಹುದಿತ್ತಮ್ಮ" ಎಂದನು.

ಹಿಂದಿರುಗುವಾಗ ಗಾಡಿ ಕೆರೆಯ ಏರಿ ಹತ್ತುತ್ತಿರಲು ಪದುಮಾಜಿ ನೀರು ಕೇಳಿ, ಎರಡು ಗುಟುಕು ಕುಡಿದು, ತಾಯಿಯ ತೊಡೆಯ ಮೇಲೆ ಪ್ರಾಣ ಬಿಟ್ಟಳು.

ಆಮೇಲೆ ಗಂಡಹೆಂಡಿರು ಮೂರು ತಿಂಗಳು ಒಬ್ಬರೊಡನೊಬ್ಬರು ಮಾತಾಡಲಿಲ್ಲ. ಅವಳು ಬಡಿಸಿದಳು, ಅವನು ಉಂಡನು, ಅಷ್ಟೇ.

ಒಂದು ದಿನ ಮಾಸಿದ ಹಸಿರು ಸೀರೆಯ ಮುದುಕಿಯೊಬ್ಬಳು ಬಾಗಿಲಿಗೆ ಬಂದು ಹಿಡಿ ಅಕ್ಕಿ ಬೇಡಿ, ಚೆನ್ನಾಜಿಯ ಮುಖ ನೋಡಿ, "ಏನಾಯಿತು ಮಗಳೇ?" ಎಂದು ಕೇಳಿದಳು. ಅದುವರೆಗೆ ಯಾರಿಗೂ ಹೇಳದಿದ್ದುದನ್ನೆಲ್ಲ ಚೆನ್ನಾಜಿ ಹೊಸ್ತಿಲಲ್ಲೇ ಕುಸಿದು ಕೂತು ಹೇಳಿದಳು. ಹೇಳಿ ಮುಗಿಸಿ ತಲೆಯೆತ್ತಿ, ಮುದುಕಿಯ ಮುಖದಲ್ಲಿ ತೇಜಸ್ಸು ಕಂಡು, ಮಿತಗೌರಿಯೇ ಇವಳೆಂದು ತಿಳಿದು, ಪಾದ ಹಿಡಿದು, "ತಾಯೀ, ನನ್ನ ಆಯುಸ್ಸು ತೆಗೆದುಕೋ, ನನ್ನ ಕೂಸನ್ನು ಕೊಡು" ಎಂದು ಹೊರಳಿದಳು.

ದೇವಿಯ ಕಣ್ಣಲ್ಲೂ ನೀರು ಬಂತು. "ಹೋದದ್ದನ್ನು ತರುವ ವರ ನನ್ನಲ್ಲಿಲ್ಲ ಮಗಳೇ. ಇರುವುದನ್ನು ಕಾಯುವ ವರವಷ್ಟೇ ನನ್ನದು" ಎಂದು ಹೇಳಿ, ವ್ರತದ ಕ್ರಮವನ್ನು ತಿಳಿಸಿದಳು. ಪಂಚಮಿಯ ಸಂಜೆ ಗಂಡಹೆಂಡಿರು ಇಬ್ಬರೂ ದೀಪದ ಮುಂದೆ ಕೂರಬೇಕು. ಬಂದದ್ದೆಷ್ಟು, ಹೋದದ್ದೆಷ್ಟು, ಮುಚ್ಚಿಟ್ಟದ್ದೆಷ್ಟು ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಒಬ್ಬರು ಹೇಳುವಾಗ ಇನ್ನೊಬ್ಬರು ಹಂಗಿಸಬಾರದು. ಬಡತನವೆಷ್ಟೇ ಇರಲಿ, ಐದನೆಯ ಕುಡಿಕೆಗೆ ಒಂದು ಕಾಸಾದರೂ ಬೀಳಬೇಕು. ಇಷ್ಟು ಹೇಳಿ ದೇವಿ ಅದೃಶ್ಯಳಾದಳು.

ಬಂದ ಪಂಚಮಿಗೆ ಇಬ್ಬರೂ ಕೂತರು. ಸಿದ್ಧೋಜನು ಶೆಟ್ಟಿಯ ಸಾಲವನ್ನು ಹೇಳಿದನು. ಚೆನ್ನಾಜಿ ಕುಡಿಕೆಗೆ ಕೈಹಾಕಿದ ದಿನವನ್ನು ಹೇಳಿದಳು. ಯಾರೂ ಯಾರನ್ನೂ ಹಂಗಿಸಲಿಲ್ಲ. ಮಗು ಹೋದ ಮೇಲೆ ಅಂದೇ ಮೊದಲು ಇಬ್ಬರೂ ಒಟ್ಟಿಗೆ ಅತ್ತರು. ಆ ತಿಂಗಳ ದುಡಿಮೆ ಒಂಬತ್ತು ಹಣ, ಅಂದರೆ ಒಂದು ವರಹಕ್ಕೂ ಕಡಿಮೆ. ಐದನೆಯ ಕುಡಿಕೆಗೆ ಅರ್ಧ ಹಣ ಬಿತ್ತು. ಹೀಗೆ ಒಂದು ಪಂಚಮಿಯೂ ತಪ್ಪದೆ ಏಳು ವರ್ಷ ನಡೆಸಲು, ಸಾಲ ತೀರಿತು, ಅಡಿಗಲ್ಲು ಮರಳಿ ಬಂತು, ಮನೆಯಲ್ಲಿ ಮತ್ತೊಂದು ಹೆಣ್ಣುಮಗು ಆಡತೊಡಗಿತು.

ಏಳನೆಯ ವರ್ಷ ನೆರೆಮನೆಯ ಕಾಳವ್ವೆಗೆ ಹೆರಿಗೆ ಕಷ್ಟವಾಯಿತು. ಅವಳ ಗಂಡ ಊರಲ್ಲಿರಲಿಲ್ಲ. ಚೆನ್ನಾಜಿ ಎರಡನೆಯ ಮಾತಾಡದೆ ಐದನೆಯ ಕುಡಿಕೆಯನ್ನು ಗಾಡಿಯವನ ಕೈಗಿತ್ತು, ಕಾಳವ್ವೆಯನ್ನು ಗಾಡಿಗೇರಿಸಿ, ತಾನೂ ಹತ್ತಿ ವೈದ್ಯನ ಊರಿಗೆ ಹೋದಳು. ಹೊತ್ತು ಮೀರಲಿಲ್ಲ. ತಾಯಿಯೂ ಕೂಸೂ ಉಳಿದರು. ಆ ಕೂಸನ್ನು ಎತ್ತಿಕೊಂಡಾಗ ಚೆನ್ನಾಜಿ ಪದುಮಾಜಿಯ ಹೆಸರು ಕೂಗಿ ಕೂಗಿ ಅತ್ತಳು. ಯಾರೂ ಅವಳನ್ನು ಸುಮ್ಮನಿರೆನ್ನಲಿಲ್ಲ.

ಅಂದಿನಿಂದ ಕೇರಿಯ ಮನೆಮನೆಯಲ್ಲೂ ಈ ವ್ರತ ನಡೆಯಿತು. ಇದನ್ನು ಓದಿದವರಿಗೆ, ಓದಿಸಿದವರಿಗೆ, ಕೆಲಸದ ನಡುವೆ ಬಾಗಿಲಲ್ಲಿ ನಿಂತು ಅರ್ಧ ಕೇಳಿದವರಿಗೂ ಚೆನ್ನಾಜಿಗೆ ಕೊನೆಗೆ ದೊರೆತ ಫಲ ದೊರೆಯಲಿ, ಅವಳಿಗೆ ಮೊದಲು ಬಂದ ದುಃಖ ಬಾರದಿರಲಿ. ಗಂಡಹೆಂಡಿರ ನಡುವೆ ಮುಚ್ಚುಮರೆ ಬೇಡ. ಕೂಸು ಕಳೆದುಕೊಂಡ ತಾಯಿ ಈ ದೀಪದ ಸುತ್ತ ಯಾರಾದರೂ ಇದ್ದರೆ, ಮೊದಲ ಅಕ್ಷತೆ ಅವಳ ಕೈಯಿಂದ ಬೀಳಲಿ. ಉಳಿದವರು ಆಮೇಲೆ ಹಾಕಿರಮ್ಮ.