ನೀರುಗಂಟಿ ಬೊಮ್ಮಕ್ಕನೂ ಹೂವು ಮುಚ್ಚಿದ ಕೆರೆಯೂ

ಬನ್ರಪ್ಪಾ, ಹತ್ತಿರ ಬನ್ನಿ. ಕಾಲು ಮಡಚಿ ಕೂತ್ಕೊಳ್ಳಿ. ಸುಳ್ಳು ಅನ್ನಿಸಿದ್ರೆ ನಗಿ, ನಿಜ ಅನ್ನಿಸಿದ್ರೆ ಸುಮ್ನಿರಿ.

ಏಳು ಬೆಟ್ಟದಾಚೆ ಒಂದು ರಾಜ್ಯ. ಆ ರಾಜ್ಯದ ಅಂಚಿಗೆ ಹಾಲ್ಗೊಳ ಅಂತ ಒಂದೂರು. ಊರಿಗೆಲ್ಲ ಒಂದೇ ಕೆರೆ. ನೀರು ಎಷ್ಟು ತಿಳಿ ಅಂತೀರಿ? ಮೇಲೆ ಹಾರೋ ಕಾಗೆ ತನ್ನ ನೆರಳು ನೋಡಿ, ಯಾರೋ ನೆಂಟ ಬಂದ ಅಂತ ಕೆಳಗಿಳಿದು ಮಾತಾಡಿಸ್ತಿತ್ತು! ಆ ನೀರಲ್ಲಿ ಬೇಯಿಸಿದ್ರೆ ಬೆಣಚುಕಲ್ಲೂ ಮೆತ್ತಗಾಗ್ತಿತ್ತು.

ಆ ಕೆರೆಗೆ ನೀರುಗಂಟಿ ಬೊಮ್ಮಕ್ಕ. ತೂಬು ತೆಗೆಯೋಳು ಅವಳೇ, ಮುಚ್ಚೋಳು ಅವಳೇ. ಯಾರ ಗದ್ದೆಗೆ ಎಷ್ಟು ನೀರು ಅಂತ ಅಳೆದು ಬಿಡೋಳೂ ಅವಳೇ. ಅವಳದು ಮೂರೇ ಮಾತು. ಬೇಸಿಗೇಲಿ ಮನೆಗೊಬ್ಬರು ಬಂದು ಹೂಳೆತ್ತಬೇಕು. ದನದ ಮೈ ತೊಳೆಯೋದು ಕೋಡಿಯ ಕೆಳಗೆ ಮಾತ್ರ. ಇನ್ನು ತಳದ ಮೂರು ಮೊಳ ನೀರು ಯಾರಪ್ಪಂದೂ ಅಲ್ಲ, ಅದು ಬರೋ ವರ್ಷದ್ದು.

ಜನ ಬೈಕೋತಿದ್ರು. "ಏನಕ್ಕಾ, ಕೆರೆ ನಿನ್ನ ತವರಿನ ಬಳುವಳಿನಾ?" ಅಂತಿದ್ರು. ಬೈಕೊಂಡೇ ಕುಡೀತಿದ್ರು. ಒಂದು ದಿನ ಒಬ್ಬರಾದ್ರೂ, "ನೀನಿದ್ದಿದ್ದಕ್ಕೆ ನೀರಿದೆ ಕಣಕ್ಕಾ" ಅಂದವರಿಲ್ಲ.

ಹೀಗಿರುವಾಗ ಅರಮನೆಯಿಂದ ಆ ಸೀಮೆ ನೋಡ್ಕೊಳ್ಳೋಕೆ ಒಬ್ಬ ಅಧಿಕಾರಿ ಬಂದ. ಪಾರುಪತ್ಯಗಾರ ವೆಂಕಟಪತಯ್ಯ. ಹೊಟ್ಟೆ ಊರಿಗೆ ಬಂದು ಅರ್ಧ ಗಳಿಗೆ ಆದ ಮೇಲೆ ಅವನು ಬಂದ ಅಂತಾರೆ! ಬಂದವನೇ ಕೆರೆ ದಂಡೆ ಮೇಲೆ ನೀಲಿ ಬಣ್ಣ ಅದ್ದೋ ತೊಟ್ಟಿ ಕಟ್ಟಿಸಿದ. ಬಟ್ಟೆಗೆ ಬಣ್ಣ ಹಾಕಿಸಿ ದೇಶಾಂತರ ಕಳಿಸೋದು, ಕೊಳಕು ನೀರನ್ನ ಕೆರೆಗೆ ಬಿಡೋದು. ಊರು ಗೊಣಗಬಾರದಲ್ಲ? ಮನೆಗೊಂದು ನೀಲಿ ರುಮಾಲು, ಒಂದು ನೀಲಿ ಸೀರೆ ಹಂಚಿದ. ಊರಿಗೆ ಊರೇ ಉಟ್ಕೊಂಡು, ಸುತ್ಕೊಂಡು, ಬಾಯಿ ಮುಚ್ಕೊಂಡಿತು.

ಬೊಮ್ಮಕ್ಕ ಮಾತ್ರ ಸೀರೆ ಮುಟ್ಟಲಿಲ್ಲ.

ಮೊದಲು ಮೀನು ಸತ್ತವು. ಬೊಮ್ಮಕ್ಕ ಹೋಗಿ, "ಬುದ್ಧೀ, ಮೀನು ಸಾಯ್ತಾ ಇವೆ" ಅಂದಳು. "ವಯಸ್ಸಾಗಿತ್ತೇನೋ ಬಿಡು" ಅಂದ.

ಆಮೇಲೆ ಎಮ್ಮೆ ಸತ್ತಿತು. ಮತ್ತೆ ಹೋಗಿ, "ಬುದ್ಧೀ, ಎಮ್ಮೆ ಹೋಯ್ತು" ಅಂದಳು. "ನಿನ್ನ ದೃಷ್ಟಿ ತಾಕಿರಬೇಕು" ಅಂದ.

ಆಮೇಲೆ ಅವಳ ಗಂಡ ಚೌಡಯ್ಯ. ಊರೆಲ್ಲ ಆ ನೀರು ಕುಡಿಯೋದು ಬಿಟ್ಟಿದ್ರೂ ಅವನು ಬಿಡಲಿಲ್ಲ. "ಹುಟ್ಟಿದಾಗಿಂದ ಕುಡಿದ ನೀರು ಕಣೇ, ನಮಗೆ ವಿಷ ಹಾಕುತ್ತಾ?" ಅಂತ ಬೊಗಸೆಯಲ್ಲಿ ಎತ್ತಿ ಕುಡಿದ. ಕುಡಿದ ಮೂರನೇ ದಿನಕ್ಕೆ ಕಣ್ಣು ಮುಚ್ಚಿದ. ಬೊಮ್ಮಕ್ಕ ಮೂರನೇ ಸಲ ಹೋಗಿ ಬಾಗಿಲಲ್ಲಿ ನಿಂತಳು. ಪಾರುಪತ್ಯಗಾರ ಅವಳ ಕೈಲಿದ್ದ ತೂಬಿನ ಕೋಲು ಕಿತ್ಕೊಂಡು, "ನಾಳೆಯಿಂದ ಕೆರೆ ಕಡೆ ಬರಬೇಡ" ಅಂದ.

ಅದೇ ಹೊತ್ತಿಗೆ ರಾಜ ಡಂಗುರ ಹೊಡೆಸಿದ. "ರಾಜ್ಯದಲ್ಲಿ ಒಳ್ಳೇ ನೀರು ಕಾಪಾಡಿ ಕೊಟ್ಟವರಿಗೆ ಬಂಗಾರದ ಕಡಗ. ಜೊತೆಗೆ ಆ ಕೆರೆಯ ಅಧಿಕಾರ ವಂಶಪಾರಂಪರ್ಯ!"

ಬೊಮ್ಮಕ್ಕ ಲೆಕ್ಕ ಹಾಕಿದಳು. ಕಡಗ ಪಾರುಪತ್ಯಗಾರನ ಕೈಗೆ ಹೋದ್ರೆ ತೊಟ್ಟಿ ಎಂದಿಗೂ ಅಲ್ಲಿಂದ ಏಳಲ್ಲ. ಕೆರೆ ಅವನ ಮೊಮ್ಮಕ್ಕಳ ಕಾಲಕ್ಕೂ ನೀಲಿಯೇ.

ರಾಜ ಬರೋ ದಿನ ಪಾರುಪತ್ಯಗಾರ ಎಪ್ಪತ್ತು ಗಾಡಿ ಹೂವು ತರಿಸಿ ಕೆರೆ ಮೇಲೆ ಚೆಲ್ಲಿಸಿದ. ಬಣ್ಣ ಮುಚ್ಚೋಕೆ ಸೇವಂತಿಗೆ, ನಾತ ಮುಚ್ಚೋಕೆ ಮಲ್ಲಿಗೆ. ಸುತ್ತಲ ಹತ್ತೂರಲ್ಲಿ ದೇವರ ತಲೆಗೆ ಒಂದು ಎಸಳು ಉಳಿಯಲಿಲ್ಲ! ರಾಜ ಕೆರೆಯ ಏರಿ ಮೇಲೆ ನಿಂತು, "ಆಹಾ, ಇದು ಕೆರೆಯೋ ನಂದನವನವೋ!" ಅಂದ.

ರಾಜ ಕೇಳಿದ, "ಇದರ ಹೂಳು ಎತ್ತಿಸಿದವರು ಯಾರು?"

"ನಾನೇ ಪ್ರಭು" ಅಂದ ಪಾರುಪತ್ಯಗಾರ.

"ನೀರು ಪೋಲಾಗದ ಹಾಗೆ ಹಂಚಿದವರು?"

"ನಾನೇ ಪ್ರಭು."

"ಕೊಳೆ ಸೇರದ ಹಾಗೆ ಕಾದವರು?"

"ಹಗಲೂ ರಾತ್ರಿ ನಾನೇ ಪ್ರಭು."

ರಾಜ ಊರಿನ ಕಡೆ ತಿರುಗಿದ. ನೀಲಿ ರುಮಾಲುಗಳೆಲ್ಲ ನೆಲ ನೋಡಿದವು. ಗುಂಪಿನ ಹಿಂದೆ ನಿಂತಿದ್ದ ಬೊಮ್ಮಕ್ಕ ಮನಸ್ಸಲ್ಲೇ ಅಂದ್ಕೊಂಡಳು. 'ನಾನು ಇಲ್ಲ ಅಂದ್ರೆ ಅವನ ಮಾತಿಗೆ ನನ್ನ ಮಾತು ತೂಗಲ್ಲ. ಹೌದು ಅಂದ್ರೆ ನೀರೇ ಮಾತಾಡುತ್ತೆ.' ಮುಂದೆ ಬಂದು ಕೈಮುಗಿದಳು.

"ಹೌದು ಬುದ್ಧೀ, ಎಲ್ಲಾ ಅವರದೇ. ಇವತ್ತಿನ ನೀರೂ ಅವರದೇ ತಾನೇ?"

"ಮತ್ತೆ ಇನ್ಯಾರದು!" ಅಂತ ಪಾರುಪತ್ಯಗಾರ ಉಬ್ಬಿದ.

ಬೊಮ್ಮಕ್ಕ ಹೂವು ಸರಿಸಿ ಒಂದು ಚೊಂಬು ನೀರು ಮೊಗೆದು ತಂದಳು. "ಪ್ರಭುಗಳು ಬಿಸಿಲಲ್ಲಿ ಬಂದಿದ್ದೀರಿ, ಕುಡೀಬೇಕು. ಆದ್ರೆ ಕಾದವರು ಮೊದಲು ಕುಡಿದು ತೋರಿಸಿದ ಮೇಲೇ ಬೇರೆಯವರಿಗೆ ಕೊಡೋದು ನಮ್ಮಲ್ಲಿ. ತಗೊಳ್ಳಿ ಸ್ವಾಮಿ."

ಪಾರುಪತ್ಯಗಾರನ ಮುಖ ಅವನ ಬಟ್ಟೆಗಿಂತ ನೀಲಿಯಾಯ್ತು. "ನನಗಿವತ್ತು ಉಪವಾಸ" ಅಂದ.

"ಉಪವಾಸಕ್ಕೆ ನೀರು ನಡೆಯುತ್ತೆ, ಕುಡಿ" ಅಂದ ರಾಜ.

"ನೆಗಡಿ ಪ್ರಭು, ತಣ್ಣೀರು ಆಗಲ್ಲ."

"ಕಾಯಿಸಿ ಕೊಡ್ತೀನಿ ಸ್ವಾಮಿ" ಅಂದಳು ಬೊಮ್ಮಕ್ಕ.

"ನ... ನನಗೆ ಬಾಯಾರಿಕೆಯೇ ಇಲ್ಲ!"

"ಕುಡಿ!" ಅಂತ ರಾಜ ಗುಡುಗಿದ. ಚೊಂಬು ತುಟಿಗೆ ತಾಕಿದ್ದೇ ತಡ, ಪಾರುಪತ್ಯಗಾರ ಅದನ್ನ ಎಸೆದು ರಾಜನ ಕಾಲಿಗೆ ಬಿದ್ದ. "ಬೇಡ ಪ್ರಭು, ಸತ್ತೋಗ್ತೀನಿ! ತೊಟ್ಟಿ ನೀರೆಲ್ಲ ಇದಕ್ಕೇ ಬಿಟ್ಟಿದ್ದೀನಿ!"

ರಾಜ ತೊಟ್ಟಿ ಒಡೆಸಿದ. ಪಾರುಪತ್ಯಗಾರನ ತಲೆ ಮೇಲೆ ಮಂಕರಿ ಹೊರಿಸಿ, "ಕೆರೆ ತಿಳಿಯಾಗೋ ತನಕ ಹೂಳು ಹೊರು" ಅಂದ. ಬಂಗಾರದ ಕಡಗ ಹಿಡಿದು ಬೊಮ್ಮಕ್ಕನ ಹತ್ತಿರ ಬಂದ.

ಬೊಮ್ಮಕ್ಕ ಕೈ ಚಾಚಲಿಲ್ಲ. "ಬುದ್ಧೀ, ಹೋದ ವರ್ಷ ಬಂದು ಕೊಟ್ಟಿದ್ರೆ ಕುಣಿದುಬಿಡ್ತಿದ್ದೆ. ಈಗ ಇದನ್ನ ಹಾಕ್ಕೊಂಡು ಯಾವ ನೀರಲ್ಲಿ ಕೈ ತೊಳೀಲಿ?"

ರಾಜ ಕಡಗ ವಾಪಸ್ ತಗೊಂಡ. ಕಲ್ಲಿನ ಮೇಲೆ ಅವಳ ಹೆಸರು ಕೆತ್ತಿಸಿ ಏರಿ ಮೇಲೆ ನೆಡಿಸಿ ಹೋದ. ಊರ ಹೆಂಗಸರು ದಿನಾ ಆ ಕಲ್ಲಿನ ಪಕ್ಕದಲ್ಲೇ ನಡೆದು, ಮೂರು ಹರದಾರಿ ಆಚೆಯಿಂದ ನೀರು ಹೊತ್ತು ತಂದರು. ಕಲ್ಲು ಚೆನ್ನಾಗಿತ್ತು. ಕಲ್ಲನ್ನ ಹಿಂಡಿದ್ರೆ ನೀರು ಬರುತ್ತಾ?

ಒಂದು ಮಳೆಗಾಲ ಬಂತು, ನೀರು ನೀಲಿ. ಇನ್ನೊಂದು ಬಂತು, ನೀಲಿ. ಮೂರನೇದೂ ಬಂತು, ನೀಲಿಯೇ. ಹೂಳು ಹೊತ್ತೂ ಹೊತ್ತೂ ಪಾರುಪತ್ಯಗಾರನ ಹೊಟ್ಟೆ ಕರಗಿತು, ಕೆರೆಯ ಬಣ್ಣ ಕರಗಲಿಲ್ಲ. ಬೊಮ್ಮಕ್ಕನೂ ದಿನಾ ಹೂಳೆತ್ತಿದಳು. ಬೆನ್ನು ಬಾಗಿ ಬಿಲ್ಲಾಯ್ತು.

ಹೆಂಗಸರು ಕೊಡ ಇಳಿಸಿ ಕೇಳಿದರು. "ಯಾವಾಗ ತಿಳಿಯಾಗುತ್ತೆ ಬೊಮ್ಮಕ್ಕಾ?"

"ಕೆಡಿಸೋಕೆ ಒಂದು ವರ್ಷ ಸಾಕಾಯ್ತು. ಸರಿಯಾಗೋದು ನನ್ನ ಕಣ್ಣಿಗಂತೂ ಕಾಣಲ್ಲ, ನಿಮ್ಮ ಕಣ್ಣಿಗೂ ಕಾಣೋದು ಅನುಮಾನ" ಅಂದಳು. ಅಂದು, ಮತ್ತೆ ಬಗ್ಗಿ ಮಂಕರಿ ತುಂಬಿದಳು. ಆ ಹೆಂಗಸರಲ್ಲಿ ಒಬ್ಬಳು ಕೊಡ ಬಿಟ್ಟು ಮಂಕರಿಯ ಇನ್ನೊಂದು ಕಡೆ ಕೈ ಕೊಟ್ಟಳು. ಉಳಿದವರು ಮನೆಗೆ ಹೋದರು.

ಇಷ್ಟೇ ಕಣ್ರಪ್ಪಾ ಕಥೆ. ನೀತಿ ಕೇಳ್ತೀರಾ? ನೀರು ಕಾಯೋರನ್ನ ನೀರು ತಿಳಿಯಾಗಿರುವಾಗಲೇ ಗೌರವಿಸಿ. ಆ ಗೌರವವನ್ನ ಕಡಗದಲ್ಲಿ ಮಾಡಬೇಡಿ, ಅವರ ಜೊತೆ ಒಂದು ಮಂಕರಿ ಹೂಳೆತ್ತಿ ಮಾಡಿ. ಕೆರೆ ಸತ್ತ ಮೇಲೆ ಎಷ್ಟು ಹೂವು ಚೆಲ್ಲಿದ್ರೂ ಅದು ಹೆಣದ ಮೇಲಿನ ಹೂವೇ.