ಗಾಣಿಗನ ಎತ್ತು

"ಗುರುಗಳೇ, ಸೊಪ್ಪಿನಲ್ಲಿ, ನೆಲ್ಲಿಕಾಯಿಯಲ್ಲಿ ಆಂಟಿಆಕ್ಸಿಡೆಂಟ್ ಇದೆ, ಅದು ಮೈಯ ಜೀವಕೋಶಗಳನ್ನು ಕಾಯುತ್ತದೆ ಎನ್ನುತ್ತಾರೆ. ಕಾಯುವುದಕ್ಕೆ ಕೈಯಲ್ಲಿ ಕೋಲಾದರೂ ಬೇಡವೇ? ಈ ಸೊಪ್ಪು ಯಾರನ್ನು ಹೊಡೆದು ಓಡಿಸುತ್ತದೆ?"

ಮಠದ ಊಟದ ಸಾಲಿನಲ್ಲಿ ಕುಳಿತಿದ್ದ ಶಿಷ್ಯ ಹೀಗೆ ಕೇಳಿ, ಪಲ್ಯವನ್ನೂ ನೆಲ್ಲಿಕಾಯಿಯನ್ನೂ ಎಲೆಯ ಅಂಚಿಗೆ ತಳ್ಳಿದ. ಅನ್ನ ಸಾರು ಇದ್ದರೆ ಅವನಿಗೆ ಸಾಕು.

ಗುರುಗಳು ಹೇಳಿದರು: "ಯಾರನ್ನೂ ಹೊಡೆಯುವುದಿಲ್ಲ ಕಣಯ್ಯ. ನಾವು ಉಸಿರಾಡಿದಾಗ, ಉಂಡದ್ದು ಮೈಯೊಳಗೆ ಉರಿದಾಗ, ಎಲೆಕ್ಟ್ರಾನಿನ ಜೋಡಿ ತಪ್ಪಿದ ಕಣಗಳು ಹುಟ್ಟುತ್ತವೆ. ಫ್ರೀ ರಾಡಿಕಲ್ ಎನ್ನುವುದು ಅವನ್ನೇ. ಒಂಟಿಯಾಗಿರಲು ಅವಕ್ಕೆ ಆಗದು. ಪಕ್ಕದ ಕಣದಿಂದ ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತವೆ. ಒಂದು ಕತೆ ಕೇಳು."

ಒಂದು ಊರಿನಲ್ಲಿ ಬಿತ್ತನೆಯ ಹದ ಬಂದಿತ್ತು. ಹದ ತಪ್ಪಿದರೆ ಆ ವರ್ಷ ಬೆಳೆಯಿಲ್ಲ. ಒಬ್ಬ ರೈತನ ಜೋಡಿಯಲ್ಲಿ ಒಂದೆತ್ತು ಉಳುತ್ತಿದ್ದಂತೆಯೇ ಕುಸಿದು ಸತ್ತಿತು. ಅದು ಯಾರ ತಪ್ಪೂ ಅಲ್ಲ. ದುಡಿಯುವ ಊರಿನಲ್ಲಿ ಎತ್ತು ಸಾಯುತ್ತದೆ. ಒಂಟಿ ಎತ್ತಿನಿಂದ ನೇಗಿಲು ಸಾಗದು. ಅವನು ಪಕ್ಕದವನ ಹೊಲಕ್ಕೆ ನುಗ್ಗಿ ಒಂದೆತ್ತನ್ನು ಬಿಚ್ಚಿಕೊಂಡು ಬಂದ.

ಪಕ್ಕದವನು ಒಳ್ಳೆಯ ಮನುಷ್ಯ. ಆದರೆ ಹದ ಅವನಿಗಾಗಿಯೂ ಕಾಯುವುದಿಲ್ಲ. ಅವನು ಆಚೆ ಹೊಲದವನ ಎತ್ತನ್ನು ಎಳೆದುಕೊಂಡ. ಆಚೆಯವನು ಅದರಾಚೆಯವನ ಬೇಲಿ ಮುರಿದ. ಎಲ್ಲರದೂ ಒಂದೇ ಮಾತು, ನನ್ನದು ಹೋಯಿತಲ್ಲ, ನಾನೇನು ಮಾಡಲಿ? ನಿನ್ನೆಯವರೆಗೆ ಒಬ್ಬರ ಮನೆಯ ಮಜ್ಜಿಗೆ ಒಬ್ಬರು ಕುಡಿದವರು ಕುಡುಗೋಲು ಹಿಡಿದು ಬದುವಿನ ಮೇಲೆ ನಿಂತರು. ನೆನೆದರೆ ಸಂಕಟವಾಗುತ್ತದೆ. ಅತ್ತ ಹೊಲಗಳು ಒಣಗತೊಡಗಿದವು.

ಊರ ಕೊನೆಯಲ್ಲಿ ಒಬ್ಬ ಗಾಣಿಗನಿದ್ದ. ಅವನಿಗೂ ಎರಡು ಎತ್ತು. ಆದರೆ ಎಣ್ಣೆಯ ಗಾಣಕ್ಕೆ ಕಟ್ಟುವುದು ಒಂದನ್ನೇ. ಒಂದು ಸುತ್ತುವಾಗ ಇನ್ನೊಂದು ಮಲಗಿ ಮೆಲುಕು ಹಾಕುತ್ತದೆ. ಎತ್ತು ಕಳೆದುಕೊಂಡ ಕೊನೆಯ ರೈತ ಕುಡುಗೋಲು ಹಿಡಿದು ಅವನ ಬಾಗಿಲಿಗೆ ಬಂದ.

"ಎತ್ತು ಬಿಚ್ಚುತ್ತೀಯೋ ಇಲ್ಲವೋ?"

"ಕುಡುಗೋಲು ಯಾಕಪ್ಪಾ? ಹಗ್ಗ ಹಿಡಿ. ನನಗೆ ಒಂದರಲ್ಲೇ ನಡೆಯುತ್ತದೆ."

ಕಸಿದಾಟ ಅಲ್ಲಿಗೆ ನಿಂತಿತು. ಗಾಣಿಗ ಯಾರ ಕೊಟ್ಟಿಗೆಯ ಕಡೆಗೂ ಕಣ್ಣೆತ್ತಿ ನೋಡಲಿಲ್ಲ. ಊರು ಬಿತ್ತಿತು.

ಅವನಲ್ಲಿ ಉಳಿದ ಎತ್ತಿಗೆ ಮಾತ್ರ ವಿಶ್ರಾಂತಿ ತಪ್ಪಿತು. ಬೆಳಗಿನಿಂದ ಸಂಜೆಯವರೆಗೆ ಅದೇ ಸುತ್ತಿತು. ಊರಿನವರು ದೀಪಕ್ಕೆ, ಒಗ್ಗರಣೆಗೆ ಅವನಿಂದಲೇ ಎಣ್ಣೆ ಒಯ್ದರು. ಅವನ ಕೊಟ್ಟಿಗೆಗೆ ಇನ್ನೊಂದು ಎತ್ತು ತಂದು ಕಟ್ಟೋಣ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಮರುವರ್ಷ ಹದದ ಹೊತ್ತಿಗೆ ಇನ್ನೊಬ್ಬನ ಎತ್ತು ಸತ್ತಿತು. ಮತ್ತೆ ಕಸಿದಾಟ ಶುರುವಾಗಿ ಗಾಣಿಗನ ಬಾಗಿಲು ಮುಟ್ಟಿತು. ಆದರೆ ಬಿಡುವಿಲ್ಲದೆ ಸುತ್ತಿದ ಎತ್ತು ಅಷ್ಟರಲ್ಲಿ ಸತ್ತು ಗಾಣ ನಿಂತುಹೋಗಿತ್ತು. ಕೊಟ್ಟಿಗೆ ಬರಿದಾಗಿತ್ತು. ಆ ವರ್ಷ ಊರು ಬಿತ್ತಲಿಲ್ಲ.

ಶಿಷ್ಯನ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. "ಎಂಥ ಜನ ಗುರುಗಳೇ! ಅಷ್ಟು ಮಾಡಿದವನಿಗೆ ಒಂದು ಎತ್ತು ಕಳಿಸಬಾರದಿತ್ತೆ?"

ಗುರುಗಳು ಅವನ ಎಲೆಯ ಕಡೆ ನೋಡಿದರು.

"ಆ ಊರು ನಿನ್ನ ಮೈ, ಆ ಗಾಣಿಗನೇ ಆಂಟಿಆಕ್ಸಿಡೆಂಟ್. ಅವನಿಗೆ ಕಳಿಸಬೇಕಾದ ಎತ್ತನ್ನು ನೀನೇ ಎಲೆಯ ಅಂಚಿಗೆ ತಳ್ಳಿ ಕುಳಿತಿದ್ದೀಯ."